ನಿಂತು ಮಾತಾಡುವ ಹಕ್ಕು: ಕನ್ನಡ ನಾಡಿನ ವಕೀಲಿ ವೃತ್ತಿ ನಡೆದು ಬಂದ ದಾರಿ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆದರೆ ಆ ದಿನ ಈ ನಾಡಿನ ವಕೀಲರು ಒಂದೇ ಮನೆಯವರಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳವರು ಮುಂಬಯಿ ಹೈಕೋರ್ಟಿನ ಕಡೆ ಮುಖಮಾಡಿ ಬೆಳೆದವರು. ಮಂಗಳೂರಿನವರಿಗೆ ಮದರಾಸು ಹೈಕೋರ್ಟೇ ಕೊನೆಯ ಮಾತು. ಬಳ್ಳಾರಿ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಮೈಸೂರಿಗೆ ಸೇರಿತ್ತು; ಅಲ್ಲಿನ ಹಿರಿಯ ವಕೀಲರ ರೂಢಿಯೆಲ್ಲ ಮಾತ್ರ ಮದರಾಸಿನದೇ. ಕಲಬುರಗಿ, ರಾಯಚೂರು, ಬೀದರಿನ ವಕೀಲರು ನಿಜಾಮರ ಕೋರ್ಟುಗಳಲ್ಲಿ ಉರ್ದುವಿನಲ್ಲಿ ಅರ್ಜಿ ಬರೆದು, ಉರ್ದುವಿನಲ್ಲಿ ವಾದ ಮಾಡಿ ಹೆಸರು ಗಳಿಸಿದವರು. ಕೊಡಗು ಜುಡಿಷಿಯಲ್ ಕಮಿಷನರರ ಆಡಳಿತ ಕಂಡ ಪ್ರಾಂತ. ಹಳೆಯ ಮೈಸೂರಿನವರಿಗೆ ಅಠಾರಾ ಕಚೇರಿಯ ಕೆಂಪು ಕಟ್ಟಡವೇ ಹೈಕೋರ್ಟು. ಇಷ್ಟೂ ಮಂದಿ ಒಂದೇ ಹೈಕೋರ್ಟಿನ ಮುಂದೆ ಬಂದು ನಿಂತ ವರ್ಷ ಅದು.

ನ್ಯಾಯಾಂಗದ ಚರಿತ್ರೆ ಬರೆದವರು ಹೆಚ್ಚಾಗಿ ನ್ಯಾಯಾಧೀಶರ ಬಗ್ಗೆ, ತೀರ್ಪುಗಳ ಬಗ್ಗೆ ಬರೆದಿದ್ದಾರೆ. ವಕೀಲರ ಚರಿತ್ರೆ ಬರೆಯಲು ಕೂತಾಗ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇನ್ನೊಬ್ಬರ ಪರವಾಗಿ ನ್ಯಾಯಾಲಯದಲ್ಲಿ ನಿಂತು ಮಾತಾಡಲು ಯಾವ ಕಾಲದಲ್ಲಿ ಯಾರಿಗೆ ಅಪ್ಪಣೆಯಿತ್ತು, ಯಾರಿಗೆ ಇರಲಿಲ್ಲ, ಇಲ್ಲದವರು ಅದನ್ನು ಹೇಗೆ ಪಡೆದರು? ನನ್ನ ತಿಳಿವಳಿಕೆಯಲ್ಲಿ ನಮ್ಮ ವೃತ್ತಿಯ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಕಿರಿಯ ವಕೀಲರು ಆ ದಾರಿಯನ್ನು ಒಮ್ಮೆಯಾದರೂ ಹಿಂದಿರುಗಿ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾನೂನಿನ ವಿದ್ವತ್ತು ಈ ನೆಲಕ್ಕೆ ಹೊರಗಿನಿಂದ ಬಂದದ್ದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯನ್ನು ನಿರ್ಧರಿಸಿತು. ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನಲ್ಲಿ ಕೂತವರೂ ಬಸವಕಲ್ಯಾಣದ ಈ ಪಂಡಿತನ ಮಾತನ್ನು ಮುಂದಿಟ್ಟುಕೊಂಡು ತೀರ್ಪು ಬರೆದರು. ಕಂಪನಿಯ ಕೋರ್ಟುಗಳಲ್ಲಿ ಶಾಸ್ತ್ರ ಹೇಳಲು ಪಂಡಿತರೂ ಷರೀಯತ್ತು ಹೇಳಲು ಮೌಲವಿಗಳೂ ಇರುತ್ತಿದ್ದರು; 1864ರಲ್ಲಿ ಆ ಹುದ್ದೆಗಳು ರದ್ದಾದವು. ಆದರೆ ಪಂಡಿತ ವಕೀಲನಲ್ಲ. ಆತ ನ್ಯಾಯಾಧೀಶನಿಗೆ ಸಲಹೆ ಕೊಡುವವನು. ಕಕ್ಷಿದಾರನಿಂದ ವಕಾಲತ್ತು ಪಡೆದು, ಫೀಸು ತೆಗೆದುಕೊಂಡು, ಸರ್ಕಾರದ ಸನ್ನದು ಹಿಡಿದು ವಾದಿಸುವ ಮನುಷ್ಯ ಹುಟ್ಟಿದ್ದು ಕಂಪನಿಯ ಕಾಲದಲ್ಲಿ.

ಆರಂಭ ಅಷ್ಟೇನೂ ಘನವಾಗಿರಲಿಲ್ಲ. 1726ರ ಸನ್ನದಿನಂತೆ ಮದರಾಸು, ಮುಂಬಯಿ, ಕಲ್ಕತ್ತಗಳಲ್ಲಿ ಮೇಯರ್ ಕೋರ್ಟುಗಳು ಬಂದಾಗ ಅಲ್ಲಿ ವಾದಿಸಲು ಕಾನೂನು ಓದಿರಬೇಕೆಂಬ ನಿಯಮವೇ ಇರಲಿಲ್ಲ. 1774ರಲ್ಲಿ ಕಲ್ಕತ್ತದಲ್ಲಿ ಸುಪ್ರೀಂ ಕೋರ್ಟು ಸ್ಥಾಪನೆಯಾಯಿತು. ಅಡ್ವೊಕೇಟ್, ಅಟಾರ್ನಿ ಎಂದು ಹೆಸರು ನೋಂದಾಯಿಸುವ ಪದ್ಧತಿ ಶುರುವಾಯಿತು. ಆ ಪಟ್ಟಿಗೆ ಸೇರಬಹುದಾದವರು ಬ್ರಿಟನ್ನಿನಲ್ಲಿ, ಐರ್ಲೆಂಡಿನಲ್ಲಿ ತರಬೇತಾದವರು ಮಾತ್ರ. ಭಾರತೀಯನಿಗೆ ಅಲ್ಲಿ ಕಕ್ಷಿದಾರನ ಜಾಗವಿತ್ತು, ಆರೋಪಿಯ ಜಾಗವೂ ಇತ್ತು; ವಾದಿಸುವ ಜಾಗ ಇರಲಿಲ್ಲ.

ಅತ್ತ ದೇಶೀ ಜನರ ವ್ಯಾಜ್ಯ ತೀರಿಸುವ ಕಂಪನಿಯ ಅದಾಲತ್ತುಗಳಲ್ಲಿ ಪರಿಸ್ಥಿತಿ ತಿರುಗುಮುರುಗು. ಕಾರ್ನ್‌ವಾಲೀಸನ 1793ರ ಏಳನೆಯ ರೆಗ್ಯುಲೇಷನ್ ವಕೀಲರಿಗೆ ಸದರ್ ದಿವಾನಿ ಅದಾಲತ್ತಿನಿಂದ ಸನ್ನದು ಕೊಡುವ ಕ್ರಮ ತಂದಿತು. ಹಿಂದೂಗಳು, ಮುಸಲ್ಮಾನರು ಮಾತ್ರ ಅರ್ಹರು. ಕಲ್ಕತ್ತದ ಮದರಸಾ, ಕಾಶಿಯ ಸಂಸ್ಕೃತ ಕಾಲೇಜುಗಳಲ್ಲಿ ಓದಿದವರಿಗೆ ಮೊದಲ ಆದ್ಯತೆ. ಫೀಸು ಎಷ್ಟೆಂದು ರೆಗ್ಯುಲೇಷನ್ನೇ ಗೊತ್ತುಮಾಡುತ್ತಿತ್ತು. ಕಕ್ಷಿದಾರನೊಂದಿಗೆ ಚೌಕಾಸಿ ಮಾಡುವಂತಿರಲಿಲ್ಲ. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಕೋರ್ಟು, ಎರಡು ಬಗೆಯ ವಕೀಲರು. ಈ ಸೀಳು ನಮ್ಮ ವೃತ್ತಿಯಿಂದ ಪೂರ್ತಿ ಅಳಿಯಲು ಮುಂದೆ ನೂರೆಂಬತ್ತು ವರ್ಷಗಳೇ ಬೇಕಾದವು.

ಶ್ರೀರಂಗಪಟ್ಟಣ ಬಿದ್ದ ಮೇಲೆ 1799ರಲ್ಲಿ ಕೆನರಾ ಕಂಪನಿಯ ಕೈಗೆ ಹೋಯಿತು, ಮರುವರ್ಷ ಬಳ್ಳಾರಿ. 1802ರಲ್ಲಿ ಮದರಾಸು ಸರ್ಕಾರ ಬಂಗಾಳದ ಮಾದರಿಯಲ್ಲೇ ವಕೀಲರ ರೆಗ್ಯುಲೇಷನ್ ಮಾಡಿತು. ಪೇಶ್ವೆಗಳಿಂದ 1818ರಲ್ಲಿ ಬಂದ ಧಾರವಾಡದ ಸೀಮೆಗೆ ಎಲ್ಫಿನ್‌ಸ್ಟನ್ನನ 1827ರ ಕಟ್ಟಳೆಗಳು ಅನ್ವಯವಾದವು. 1846ರ ಕಾಯಿದೆ ಜಾತಿ, ಧರ್ಮ, ದೇಶಗಳ ಭೇದ ತೆಗೆದುಹಾಕಿ ಅರ್ಹತೆಯಿದ್ದ ಯಾವ ಗಂಡಸಾದರೂ ಪ್ಲೀಡರ್ ಆಗಬಹುದೆಂದು ಮಾಡಿತು. ಫೀಸಿನ ಮಾತನ್ನು ವಕೀಲನಿಗೂ ಕಕ್ಷಿದಾರನಿಗೂ ಬಿಟ್ಟಿತು. ಸ್ವತಂತ್ರ ವೃತ್ತಿಯೆಂದು ನಾವು ಇಂದು ಹೇಳಿಕೊಳ್ಳುವ ಮಾತಿಗೆ ಮೊದಲ ಗಟ್ಟಿ ಆಧಾರ ಸಿಕ್ಕಿದ್ದು ಆ ಕಾಯಿದೆಯಿಂದಲೇ.

1862 ಎರಡು ಕಾರಣಕ್ಕೆ ನಮಗೆ ಮುಖ್ಯ. ಮುಂಬಯಿ, ಮದರಾಸು, ಕಲ್ಕತ್ತಗಳಲ್ಲಿ ಹೈಕೋರ್ಟುಗಳು ಬಂದದ್ದು ಆ ವರ್ಷ. ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಿದ್ದೂ ಆ ವರ್ಷವೇ. ಒಂದೇ ಕರಾವಳಿಯ ಎರಡು ತುಂಡುಗಳು ಎರಡು ಹೈಕೋರ್ಟುಗಳ ಪಾಲಾದವು. ಕುಮಟೆ, ಹೊನ್ನಾವರ, ಕಾರವಾರದ ಬುದ್ಧಿವಂತ ಹುಡುಗರು ಕಾನೂನು ಕಲಿಯಲು ಮುಂಬಯಿಗೆ ಹೋದರು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ ಮುಂಬಯಿಯಲ್ಲಿ ವಕೀಲರಾಗಿ, 1900ರಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ, ಮುಂದೆ ಅಲ್ಲಿನ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಉಡುಪಿ, ಮಂಗಳೂರು, ಕಾಸರಗೋಡಿನ ಹುಡುಗರು ಮದರಾಸಿನ ರೈಲು ಹತ್ತಿದರು.

ಮಂಗಳೂರಿನ ವಕೀಲರ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೂಲಗೇಣಿ, ಚಾಲಗೇಣಿಯಂಥ ಭೂಹಿಡುವಳಿಗಳು, ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕಟ್ಟು, ಇವೆರಡೂ ಬೇರೆ ಜಿಲ್ಲೆಗಳ ವಕೀಲರಿಗೆ ಪರಿಚಯವಿಲ್ಲದ ಸಂಗತಿಗಳು. ಕುಟುಂಬದ ಯಜಮಾನ್ಯ ಯಾರದು, ಕವರಿನ (ಕುಟುಂಬದ ಕವಲಿನ) ಪಾಲು ಎಷ್ಟು ಎಂಬ ದಾವೆಗಳು ತಲೆಮಾರುಗಟ್ಟಲೆ ನಡೆದವು. ಇಂಥ ಕೆಲಸದಲ್ಲಿ ಪಳಗಿದ ಈ ಪುಟ್ಟ ಬಾರಿನಿಂದ ಮೂವರು ಎದ್ದು ಬಂದರು. ಮೂವರೂ ಕೋರ್ಟಿನ ಅಂಗಳ ದಾಟಿ ಕೆಲಸ ಮಾಡಿದವರು. ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನು, ಮೂರು ವರ್ಷದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು, 1906ರಲ್ಲಿ ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಕಟ್ಟಿದರು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಮಿಷನ್ ಸ್ಥಾಪಿಸಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರ ಅವರನ್ನು ಹಿಂದಕ್ಕೆ ಎಳೆಯಲಿಲ್ಲ. ಕಾರ್ನಾಡು ಸದಾಶಿವರಾಯರು ಗಾಂಧೀಜಿಯ ಮಾತಿಗೆ ಓಗೊಟ್ಟು ಇದ್ದುದನ್ನೆಲ್ಲ ಚಳವಳಿಗೆ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಆ ಮೂವರ ಸಂಪಾದನೆ ಎಷ್ಟಿತ್ತೆಂದು ಇಂದು ಯಾರೂ ಕೇಳುವುದಿಲ್ಲ. ಹೆಸರು ಉಳಿದಿರುವುದು ಬೇರೆ ಲೆಕ್ಕದಿಂದ.

ಧಾರವಾಡದ ಕಥೆಯೂ ಇದಕ್ಕೆ ದೂರದ್ದಲ್ಲ. ಆಲೂರು ವೆಂಕಟರಾಯರು ಮುಂಬಯಿಯಲ್ಲಿ ಕಾನೂನು ಓದಿ ಬಂದು ಧಾರವಾಡದಲ್ಲಿ ಕರಿಕೋಟು ಹಾಕಿದರು, ಬೇಗನೆ ತೆಗೆದಿಟ್ಟರು. ನಾಡು ಒಂದುಗೂಡಬೇಕೆಂಬ ಹಂಬಲ ಅವರನ್ನು ಕೋರ್ಟಿನಿಂದ ಎಳೆದೊಯ್ಯಿತು. ಏಕೀಕರಣದ ಬೀಜ ಬಿತ್ತಿದ ಅವರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂತು. 1920ರಲ್ಲಿ ಅಸಹಕಾರದ ಕರೆ ಬಂದಾಗ ಕೋರ್ಟುಗಳನ್ನು ಬಹಿಷ್ಕರಿಸಿ ಎಂಬುದು ಅದರ ಮುಖ್ಯ ಕಲಮುಗಳಲ್ಲಿ ಒಂದಾಗಿತ್ತು. ಹೊಟ್ಟೆಪಾಡನ್ನೇ ಬಿಟ್ಟುಕೊಡಿ ಎಂದು ಕೇಳಿದ ಚಳವಳಿ ಅದು, ಮತ್ತು ಹಲವರು ಬಿಟ್ಟುಕೊಟ್ಟರು. ಮುಂದೆ ಮೈಸೂರು ಸಂಸ್ಥಾನದಲ್ಲೂ ಹಾಗೆಯೇ: ಕೆ.ಟಿ. ಭಾಷ್ಯಂ, ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಚಿತ್ರದುರ್ಗದ ಎಸ್. ನಿಜಲಿಂಗಪ್ಪ, ಎಲ್ಲರೂ ವಕೀಲರು. 1939ರ ಅರಣ್ಯ ಸತ್ಯಾಗ್ರಹದಲ್ಲಿ ನಿಜಲಿಂಗಪ್ಪನವರು ಜೈಲಿಗೆ ಹೋದದ್ದು ಚಿತ್ರದುರ್ಗದ ಕೋರ್ಟಿನಲ್ಲಿ ನಡೆಯುತ್ತಿದ್ದ ಚೆನ್ನಾದ ವಕೀಲಿಯನ್ನು ಬದಿಗಿಟ್ಟು.

ಇನ್ನು ಮೈಸೂರಿನ ಕಡೆ. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಮೇಲೆ 1834ರಲ್ಲಿ ಹುಜೂರ್ ಅದಾಲತ್ತು, 1856ರಲ್ಲಿ ಜುಡಿಷಿಯಲ್ ಕಮಿಷನರರ ಕೋರ್ಟು ಬಂದವು. ಅಠಾರಾ ಕಚೇರಿ 1864ರಿಂದ 1868ರ ನಡುವೆ ಎದ್ದಿತು. ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಿನಲ್ಲಿದ್ದ ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದುದರಿಂದ ಆ ಹೆಸರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪನೆಯಾಯಿತು, 1930ರಲ್ಲಿ ಅದೇ ಹೈಕೋರ್ಟು ಎನಿಸಿತು.

ಬೆಂಗಳೂರಿನ ಹಳೆಯ ವಕೀಲರು ಒಂದು ವಿಚಿತ್ರ ಪರಿಸ್ಥಿತಿಯಲ್ಲಿ ಕೆಲಸ ಮಾಡಿದರು. ಪೇಟೆ ಮಹಾರಾಜರದು, ದಂಡು ಬ್ರಿಟಿಷರದು. 1881ರ ನಂತರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ದಂಡಿನ ಪ್ರದೇಶದ ಕೋರ್ಟುಗಳು ರೆಸಿಡೆಂಟರ ಅಧೀನದಲ್ಲಿದ್ದವು. ಅಲ್ಲಿಗೆ ರೆಸಿಡೆಂಟರೇ ಹೈಕೋರ್ಟು. ಚಿಕ್ಕಪೇಟೆಯಲ್ಲಿ ಸಾಲ ಕೊಟ್ಟವನು ಶಿವಾಜಿನಗರದಲ್ಲಿದ್ದ ಸಾಲಗಾರನ ಮೇಲೆ ದಾವೆ ಹಾಕಬೇಕೆಂದರೆ ಎರಡು ಪ್ರಭುತ್ವಗಳ ಕಾನೂನು ನೋಡಬೇಕಿತ್ತು. ಜಟಕಾ ಗಾಡಿಯಲ್ಲಿ ಅರ್ಧ ಗಂಟೆಯ ದಾರಿ, ಕಾನೂನಿನ ಲೆಕ್ಕದಲ್ಲಿ ಹೊರದೇಶ. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳುವವರೆಗೂ ಇದು ನಡೆಯಿತು. ಇಂದು ಸಿವಿಲ್ ಕೋರ್ಟಿನ ಅಂತಸ್ತುಗಳಲ್ಲಿ ಲಿಫ್ಟಿಗಾಗಿ ಕಾಯುವ ನಮ್ಮ ಕಿರಿಯರು ಇದನ್ನು ತಿಳಿದಿರಬೇಕು.

ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಹೆಸರು ಕರ್ನಾಟಕದಲ್ಲಿ ಉಳಿದಿರುವುದು ತೀರ್ಪುಗಳಿಂದಲ್ಲ. 1918ರಲ್ಲಿ ನೇಮಕವಾದ ಅವರ ಸಮಿತಿ ಸರ್ಕಾರಿ ಕೆಲಸಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿರುವುದನ್ನು ಪರಿಶೀಲಿಸಿ ಹಿಂದುಳಿದವರಿಗೆ ಪ್ರಾತಿನಿಧ್ಯ ಸಿಗಬೇಕೆಂದು ಹೇಳಿತು. ಇಂಗ್ಲಿಷ್ ಓದು ಯಾರ ಮನೆಗೆ ಮೊದಲು ಬಂತೋ ಅವರೇ ಕಚೇರಿಯನ್ನೂ ಕೋರ್ಟಿನ ಬಾರನ್ನೂ ತುಂಬಿದ್ದರು. ಕಚೇರಿಯ ವಿಷಯಕ್ಕೆ ಸಮಿತಿ ಬಂತು. ಬಾರಿನ ವಿಷಯವನ್ನು ಹೊಸ ಪದವೀಧರರೇ ನಿಧಾನವಾಗಿ ಸರಿಮಾಡಬೇಕಾಯಿತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ವಕೀಲರ ಧ್ವನಿ ಗಟ್ಟಿಯಾಗಿತ್ತು. ಹಿಂದೂ ಹೆಂಗಸರಿಗೆ ಆಸ್ತಿಯಲ್ಲಿ ಹಕ್ಕು ಕೊಟ್ಟ 1933ರ ಮೈಸೂರಿನ ಕಾಯಿದೆ ಬ್ರಿಟಿಷ್ ಇಂಡಿಯಾದ 1937ರ ಕಾಯಿದೆಗಿಂತ ನಾಲ್ಕು ವರ್ಷ ಮುಂಚಿನದೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆಸ್ತಿಯ ಹಕ್ಕು ಬಂತು, ವಾದಿಸುವ ಹಕ್ಕು? 1846ರ ಕಾಯಿದೆಯ ಬಗ್ಗೆ ಹೇಳುವಾಗ ‘ಯಾವ ಗಂಡಸಾದರೂ’ ಎಂದು ಬರೆದೆ. ಬೇಕೆಂದೇ ಬರೆದದ್ದು. ಹೆಂಗಸರ ಪಾಡು ನಮ್ಮ ವೃತ್ತಿಯ ಇತಿಹಾಸದ ಅತ್ಯಂತ ನಾಚಿಕೆಯ ಅಧ್ಯಾಯ. ಅದನ್ನು ಮರೆಮಾಚುವುದು ತಪ್ಪಾಗುತ್ತದೆ. ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆ ಮುಗಿಸಿದರು. ಹೆಂಗಸರಿಗೆ ಪದವಿ ಕೊಡುವ ಕ್ರಮವೇ ಅಲ್ಲಿ 1920ರವರೆಗೆ ಇರಲಿಲ್ಲ. ಊರಿಗೆ ಬಂದು ಮುಂಬಯಿ ವಿಶ್ವವಿದ್ಯಾಲಯದ ಎಲ್‌ಎಲ್‌ಬಿಯನ್ನೂ ಪಡೆದರು. ಪರದೆಯ ಹಿಂದೆ ಬದುಕುತ್ತಿದ್ದ ವಿಧವೆಯರ, ಅನಾಥ ಮಕ್ಕಳ ಆಸ್ತಿಯನ್ನು ನೆಂಟರಿಷ್ಟರು ನುಂಗದಂತೆ ಕಾಯಲು ವರ್ಷಾನುಗಟ್ಟಲೆ ದುಡಿದರು. ಅರ್ಜಿ ಬರೆದುಕೊಡಬಹುದಿತ್ತು, ಸಲಹೆ ಕೊಡಬಹುದಿತ್ತು. ವಕೀಲೆಯಾಗಿ ಸನ್ನದು ಹಿಡಿದು ನಿಲ್ಲುವಂತಿರಲಿಲ್ಲ.

1916ರಲ್ಲಿ ರೆಜಿನಾ ಗುಹಾ ಕಾನೂನು ಪದವಿ ಹಿಡಿದು ಪ್ಲೀಡರ್ ಆಗಿ ಹೆಸರು ನೋಂದಾಯಿಸಿ ಎಂದು ಅರ್ಜಿ ಹಾಕಿದಾಗ ಕಲ್ಕತ್ತ ಹೈಕೋರ್ಟಿನ ಪೂರ್ಣ ಪೀಠ ಕೂತಿತು. ಪುಲ್ಲಿಂಗದಲ್ಲಿ ಹೇಳಿದ್ದು ಸ್ತ್ರೀಯರಿಗೂ ಅನ್ವಯಿಸುತ್ತದೆಂದು ಜನರಲ್ ಕ್ಲಾಸಸ್ ಕಾಯಿದೆ ಸ್ಪಷ್ಟವಾಗಿ ಹೇಳಿದ್ದರೂ 1879ರ ವಕೀಲರ ಕಾಯಿದೆಯನ್ನು ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲಿಲ್ಲವೆಂದು ಪೀಠ ಅರ್ಜಿಯನ್ನು ತಳ್ಳಿಹಾಕಿತು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಅದೇ ಉತ್ತರ. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಸೊರಾಬ್ಜಿಯವರ ಹೆಸರನ್ನು ನೋಂದಾಯಿಸಿ ಬೇರೆ ದಾರಿ ಹಿಡಿಯಿತು. ಒಂದೇ ಕಾಯಿದೆ, ಒಂದೇ ಪ್ರಶ್ನೆ, ಎರಡು ಉತ್ತರ. ಕೊನೆಗೆ 1923ರಲ್ಲಿ ಹೆಂಗಸರೆಂಬ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಪ್ರತ್ಯೇಕ ಕಾಯಿದೆಯೇ ಬರಬೇಕಾಯಿತು. ರೆಜಿನಾ ಗುಹಾ ಅದನ್ನು ನೋಡಲು ಬದುಕಿರಲಿಲ್ಲ.

ಕಾಯಿದೆ ಬಂದ ಮಾತ್ರಕ್ಕೆ ಕಕ್ಷಿದಾರರು ಬರುವುದಿಲ್ಲ. ಮಂಜುಳಾ ಚೆಲ್ಲೂರ್ 1970ರ ದಶಕದ ಕೊನೆಯಲ್ಲಿ ಬಳ್ಳಾರಿಯಲ್ಲಿ ವಕೀಲಿ ಶುರುಮಾಡಿದಾಗ ಆ ಊರಿನ ಬಾರಿಗೆ ಅವರೇ ಮೊದಲ ಮಹಿಳೆ. ಕಾಯಿದೆಯಾಗಿ ಅರ್ಧ ಶತಮಾನ ಕಳೆದಿತ್ತು. ಅವರು ಮುಂದೆ ಕೇರಳ, ಕಲ್ಕತ್ತ, ಮುಂಬಯಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ರೆಜಿನಾ ಗುಹಾ ಅವರನ್ನು ಹೊರಗಿಟ್ಟ ಕೋರ್ಟಿನಲ್ಲೇ ಬಳ್ಳಾರಿಯ ವಕೀಲೆಯೊಬ್ಬರು ಮುಖ್ಯ ನ್ಯಾಯಮೂರ್ತಿಯ ಪೀಠದಲ್ಲಿ ಕೂತರು. ಬೆಂಗಳೂರಿನಲ್ಲಿ 1987ರಲ್ಲಿ ವಕೀಲಿ ಆರಂಭಿಸಿದ ಬಿ.ವಿ. ನಾಗರತ್ನ 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಈಗ ನಮ್ಮ ತಾಲೂಕು ಕೋರ್ಟುಗಳಲ್ಲೂ ಹೆಣ್ಣುಮಕ್ಕಳು ದಿಟ್ಟವಾಗಿ ಪಾಟೀಸವಾಲು ಮಾಡುತ್ತಾರೆ. ಅವರಿಗೆ ಕೂರಲು ಒಂದು ಕೋಣೆ, ಬಾಗಿಲು ಗಟ್ಟಿಯಿರುವ ಒಂದು ಶೌಚಾಲಯ ಎಷ್ಟು ಕೋರ್ಟುಗಳಲ್ಲಿದೆ ಎಂಬುದನ್ನು ಸಂಘದ ಪದಾಧಿಕಾರಿಗಳು ಎದೆ ಮುಟ್ಟಿಕೊಂಡು ಹೇಳಲಿ.

ಕಾನೂನಿನಲ್ಲಿ ಬರೆಯದ ತಡೆಗಳೂ ಇದ್ದವು. ಬಾಬಾಸಾಹೇಬ ಅಂಬೇಡ್ಕರ್ ಲಂಡನ್ನಿನ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದು 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಹೂಡಿದರು. ಮುಂಬಯಿಯ ಮೂಲ ವಿಭಾಗದಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರನ ಬಳಿ ಹೋಗುವಂತಿರಲಿಲ್ಲ. ನಡುವೆ ಸಾಲಿಸಿಟರ್ ಇರಬೇಕು, ಕೇಸಿನ ಬ್ರೀಫು ಅವನ ಕೈಯಿಂದ ಬರಬೇಕು. ಅಸ್ಪೃಶ್ಯನಿಗೆ ಬ್ರೀಫು ಕೊಡಲು ಸಾಲಿಸಿಟರುಗಳಿಗೆ ಮನಸ್ಸಿರಲಿಲ್ಲ. ಅಂಬೇಡ್ಕರ್ ಜಿಲ್ಲೆಗಳಿಂದ ಬರುವ ಅಪೀಲುಗಳನ್ನು, ಬಡವರ ಕೇಸುಗಳನ್ನು ಹಿಡಿದು ಹೆಸರು ಮಾಡಬೇಕಾಯಿತು. ಮುಂದೆ ಈ ದೇಶದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದ ವಕೀಲರು ಹೀಗೆ ಆರಂಭಿಸಿದರು. ಸನ್ನದು ಸಿಕ್ಕರೂ ಜಾತಿ ಕೋರ್ಟಿನ ಮೆಟ್ಟಿಲ ಮೇಲೆ ಕಾದು ಕೂತಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1879ರ ಕಾಯಿದೆಯ ಹೊತ್ತಿಗೆ ವೃತ್ತಿಯಲ್ಲಿ ಆರು ದರ್ಜೆಗಳಿದ್ದವು: ಅಡ್ವೊಕೇಟ್, ವಕೀಲ, ಅಟಾರ್ನಿ, ಪ್ಲೀಡರ್, ಮುಖ್ತಿಯಾರ, ರೆವಿನ್ಯೂ ಏಜೆಂಟ್. ಬ್ಯಾರಿಸ್ಟರನ ಮುಂದೆ ವಕೀಲ ಕಡಿಮೆ, ವಕೀಲನ ಮುಂದೆ ಪ್ಲೀಡರ್ ಕಡಿಮೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಭಾರತೀಯ ವಕೀಲನಿಗೂ ಕಲ್ಕತ್ತದ ಮೂಲ ವಿಭಾಗದಲ್ಲಿ ಬಾಯಿ ತೆರೆಯುವ ಹಕ್ಕಿರಲಿಲ್ಲ, ನಿನ್ನೆ ಹಡಗಿಳಿದ ಬ್ಯಾರಿಸ್ಟರನಿಗೆ ಇತ್ತು. 1926ರ ಬಾರ್ ಕೌನ್ಸಿಲ್ ಕಾಯಿದೆ ಹೈಕೋರ್ಟುಗಳ ಮಟ್ಟದಲ್ಲಿ ಈ ಭೇದವನ್ನು ಕಡಿಮೆ ಮಾಡಿ, ಹದಿನೈದು ಸದಸ್ಯರ ಕೌನ್ಸಿಲ್ಲುಗಳನ್ನು ಕೊಟ್ಟಿತು. ಕೊನೆಯ ಅಧಿಕಾರ ಹೈಕೋರ್ಟಿನ ಕೈಯಲ್ಲೇ ಉಳಿಯಿತು. ಜಿಲ್ಲೆ, ತಾಲೂಕುಗಳ ಪ್ಲೀಡರುಗಳು ಹೊರಗೇ ಉಳಿದರು. ಸಂಸ್ಥಾನಗಳಿಗಂತೂ ಅದು ಅನ್ವಯಿಸಲೇ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಸಮಿತಿ 1953ರಲ್ಲಿ ವರದಿ ಕೊಟ್ಟಿತು. ಸೆತಲ್ವಾಡ್ ಅವರ ಕಾನೂನು ಆಯೋಗ ಅದನ್ನು ಬೆಂಬಲಿಸಿತು. 1961ರಲ್ಲಿ ಅಡ್ವೊಕೇಟ್ಸ್ ಕಾಯಿದೆ ಬಂತು. ಅದರ 29ನೆಯ ಕಲಮು ಹೇಳುವುದು ಇಷ್ಟೇ: ವಕೀಲಿ ನಡೆಸಲು ಹಕ್ಕುಳ್ಳ ವರ್ಗ ಒಂದೇ, ಅದು ಅಡ್ವೊಕೇಟರದು. ಇನ್ನೂರು ವರ್ಷಗಳ ಮೇಲುಕೀಳನ್ನು ಆ ಒಂದು ಸಾಲು ಅಳಿಸಿತು. ಶಿಸ್ತು, ನೋಂದಣಿ, ಶಿಕ್ಷಣದ ಮಟ್ಟ ಇವೆಲ್ಲ ವಕೀಲರೇ ಚುನಾಯಿಸಿದ ಪರಿಷತ್ತುಗಳ ಕೈಗೆ ಬಂದವು. ಮುಂಬಯಿ, ಕಲ್ಕತ್ತಗಳ ಸಾಲಿಸಿಟರ್ ಪದ್ಧತಿಗೆ 1976ರ ತಿದ್ದುಪಡಿ ಮಂಗಳ ಹಾಡಿತು. ನಮ್ಮ ರಾಜ್ಯ ವಕೀಲರ ಪರಿಷತ್ತು ಈ ಕಾಯಿದೆಯ ಕೂಸು. ಉರ್ದುವಿನಲ್ಲಿ ಕಲಿತ ರಾಯಚೂರಿನವರು, ಮದರಾಸಿನ ಮಂಗಳೂರಿನವರು, ಮುಂಬಯಿಯ ಧಾರವಾಡದವರು ಎಲ್ಲರ ಹೆಸರೂ ಒಂದೇ ರೋಲಿನಲ್ಲಿ ಬಂದದ್ದು ಆಗ. ನಾಡಿನ ಏಕೀಕರಣ ವಕೀಲರ ಪಾಲಿಗೆ ಪೂರ್ತಿಯಾದದ್ದು 1961ರ ನಂತರ ಎಂದೇ ನಾನು ಎಣಿಸುತ್ತೇನೆ.

ಆ ತಲೆಮಾರಿನ ನಿಟ್ಟೂರು ಶ್ರೀನಿವಾಸರಾಯರನ್ನು ನೆನೆಯದೆ ಮುಂದೆ ಹೋಗಲಾಗದು. ವಕೀಲರಾಗಿ, ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮುಖ್ಯ ನ್ಯಾಯಮೂರ್ತಿಯಾಗಿ, 1964ರಲ್ಲಿ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾಗಿ ಕೆಲಸ ಮಾಡಿದ ಅವರು ಸತ್ಯಶೋಧನ ಪುಸ್ತಕ ಭಂಡಾರವನ್ನು ಕಟ್ಟಿ ಕನ್ನಡದ ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿದವರೂ ಹೌದು. ಕರಾವಳಿಯ ಕೌಡೂರಿನ ಕೆ.ಎಸ್. ಹೆಗ್ಡೆ ಇನ್ನೊಬ್ಬರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಾಗ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದ ಬಹುಮತದಲ್ಲಿ ಹೆಗ್ಡೆಯವರೂ ಇದ್ದರು. ಅವರ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ ಕೂಡಲೇ ರಾಜೀನಾಮೆ ಕೊಟ್ಟು ಹೊರನಡೆದರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ ವಾಜಪೇಯಿ, ಆಡ್ವಾಣಿ ಮುಂತಾದವರ ಪರ ಹೈಕೋರ್ಟಿನಲ್ಲಿ ನಿಂತ ಎಂ. ರಾಮಾ ಜೋಯಿಸ್ ತಾವೇ ಬಂಧಿತರಾದರು. ಕಕ್ಷಿದಾರನ ಪರ ಮಾತಾಡಿದ್ದಕ್ಕೆ ವಕೀಲ ಜೈಲು ಕಂಡ ಆ ದಿನಗಳು ನಮ್ಮ ಸಂಘಗಳಲ್ಲಿ ಪ್ರತಿ ವರ್ಷವೂ ನೆನಪಾಗಬೇಕು.

ಎಪ್ಪತ್ತರ ದಶಕ ಇನ್ನೊಂದು ಕಠಿಣ ಪ್ರಶ್ನೆಯನ್ನೂ ಎದುರಿಗಿಟ್ಟಿತು. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು ಭೂ ನ್ಯಾಯಮಂಡಳಿಗಳನ್ನು ರಚಿಸಿದಾಗ ಅಲ್ಲಿ ವಕೀಲರು ಹಾಜರಾಗಕೂಡದೆಂದು ಕಲಮು ಹಾಕಿತು. ಗೇಣಿದಾರನಿಗೆ ವಕೀಲನನ್ನು ಇಡುವ ಶಕ್ತಿಯಿಲ್ಲ, ಭೂಮಾಲೀಕನಿಗೆ ಇದೆ. ಇಬ್ಬರೂ ಬರಿಗೈಯಲ್ಲಿ ಬರಲಿ ಎಂಬುದು ಅದರ ಆಶಯ. ವಕೀಲರು ಇದನ್ನು ಪ್ರಬಲವಾಗಿ ವಿರೋಧಿಸಿದರು. ಕೊನೆಗೆ 1987ರಲ್ಲಿ ಸುಪ್ರೀಂ ಕೋರ್ಟು ಅಡ್ವೊಕೇಟ್ಸ್ ಕಾಯಿದೆಯ 30ನೆಯ ಕಲಮಿಗೆ ಇದು ವಿರುದ್ಧವೆಂದು ಆ ನಿಷೇಧವನ್ನು ಹೊಡೆದುಹಾಕಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ. ಆದರೆ ನಿಷೇಧ ತಂದವರ ಅಳುಕು ಸುಳ್ಳಾಗಿರಲಿಲ್ಲ. ಗೇಣಿದಾರ ವಕೀಲನನ್ನು ಕಂಡರೆ ತನ್ನವನೆಂದು ಯಾಕೆ ಅಂದುಕೊಳ್ಳಲಿಲ್ಲ ಎಂಬುದಕ್ಕೆ ನಾವು ಉತ್ತರ ಹುಡುಕಲೇಬೇಕು. ನಮ್ಮ ಹಕ್ಕಿಗಾಗಿ ಹೋರಾಡಿದಷ್ಟೇ ಶ್ರದ್ಧೆಯಿಂದ ಆ ದಿನಗಳಲ್ಲಿ ಗೇಣಿದಾರರ ಪರ ಉಚಿತವಾಗಿ ನಿಂತಿದ್ದರೆ ಅಂಥ ಕಲಮು ಬೇಕಾಗುತ್ತಿರಲಿಲ್ಲವೇನೋ.

ಅಠಾರಾ ಕಚೇರಿಯೇ ಕಕ್ಷಿಯಾದ ಪ್ರಸಂಗವೂ ಇದೆ. 1980ರ ದಶಕದ ಆರಂಭದಲ್ಲಿ ಆ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಯೋಜನೆ ಬಂದಾಗ ಊರಿನ ಜನ ಸುಮ್ಮನಿರಲಿಲ್ಲ. ಹೈಕೋರ್ಟಿಗೆ ಅರ್ಜಿ ಹೋಯಿತು. ಕೆಡವಬೇಕೆಂದಿದ್ದ ಗೋಡೆಗಳ ಒಳಗೇ ಅದರ ಅಳಿವು ಉಳಿವಿನ ವಾದ ನಡೆಯಿತು. ಕರ್ನಾಟಕದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳಲ್ಲಿ ಅದನ್ನು ಮೊದಲನೆಯದೆಂದು ಹೇಳುತ್ತಾರೆ. ಕಟ್ಟಡ ಉಳಿಯಿತು.

ವೃತ್ತಿಶಿಕ್ಷಣದ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದೆ ಪುಣೆ, ಮುಂಬಯಿ, ಮದರಾಸುಗಳಿಗೆ ಹೋಗಬೇಕಿತ್ತು. 1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು, 1948ರಲ್ಲಿ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಬಂದ ಮೇಲೆ ಸಾಧಾರಣ ಮನೆಯ ಮಕ್ಕಳಿಗೂ ಓದು ಕೈಗೆಟುಕಿತು. ಐದು ವರ್ಷದ ಪದವಿಗೆ ದೇಶಕ್ಕೆಲ್ಲ ಮಾದರಿಯಾದ ನ್ಯಾಷನಲ್ ಲಾ ಸ್ಕೂಲಿನ ಮೊದಲ ತಂಡ ಬೆಂಗಳೂರಿನಲ್ಲಿ ಕೂತದ್ದು 1988ರಲ್ಲಿ. ಅಲ್ಲಿ ಕಲಿತವರು ದೊಡ್ಡ ಕಂಪನಿಗಳಿಗೆ ಹೋದರು; ತಾಲೂಕು ಕೋರ್ಟಿಗೆ ಬಂದವರು ಕಡಿಮೆ.

ದೂರದ ಸಮಸ್ಯೆ ಅರ್ಧ ಬಗೆಹರಿದಿದೆ. ಬೀದರಿನ ರೈತ ಒಂದು ರಿಟ್ ಅರ್ಜಿಗಾಗಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರು ಸೇರಬೇಕಿತ್ತು; ವಾಯಿದೆ ಬಿದ್ದರೆ ಮತ್ತೆ ಅದೇ ದಾರಿ. ಉತ್ತರದ ಜಿಲ್ಲೆಗಳ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡ, ಕಲಬುರಗಿಗಳಿಗೆ ಸಂಚಾರಿ ಪೀಠಗಳು ಬಂದವು, 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ಕೋರ್ಟು ಬಹಿಷ್ಕರಿಸಿ, ಸಂಪಾದನೆ ಕಳೆದುಕೊಂಡು ಬೀದಿಯಲ್ಲಿ ಕೂತ ಆ ವಕೀಲರಿಗೆ ನಾವೆಲ್ಲ ಋಣಿಗಳು.

ಭಾಷೆಯ ಸಮಸ್ಯೆ ಹಾಗೇ ಇದೆ. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಮೇಲ್ಮನವಿ ಹೋದ ಕೂಡಲೇ ಕಡತವೆಲ್ಲ ತರ್ಜುಮೆಯಾಗಬೇಕು, ಅದರ ಖರ್ಚು ಕಕ್ಷಿದಾರನ ಮೇಲೆ. 2022ರಿಂದ ಹೈಕೋರ್ಟಿನ ಕಲಾಪ ಮೊಬೈಲಿನಲ್ಲೂ ನೇರವಾಗಿ ಕಾಣುತ್ತದೆ. ತನ್ನ ಜಮೀನಿನ ಕೇಸು ನಡೆಯುವುದನ್ನು ಮುದುಕನೊಬ್ಬ ಊರಲ್ಲೇ ಕೂತು ನೋಡಬಹುದು, ಅರ್ಥಮಾಡಿಕೊಳ್ಳಲಾರ. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರಿದ್ದ ಪೀಠ ಕನ್ನಡದಲ್ಲಿ ತೀರ್ಪು ಓದಿತು. ಅಂಥದ್ದು ಸುದ್ದಿಯಾಗುವ ಸ್ಥಿತಿ ಹೋಗಬೇಕು. ಕನ್ನಡದಲ್ಲಿ ವಾದಿಸಿದರೆ ವಾದದ ತೂಕ ಕಡಿಮೆಯಾಗುತ್ತದೆಂಬ ಅಂಜಿಕೆ ನಮ್ಮೊಳಗೇ ಇದೆ; ಅದನ್ನು ತೆಗೆಯಲು ಯಾವ ಕಾಯಿದೆಯ ತಿದ್ದುಪಡಿಯೂ ಬೇಕಿಲ್ಲ.

ಹಣದ ತಡೆಯೂ ಉಳಿದಿದೆ. ಹಿರಿಯರ ಕಚೇರಿಯಲ್ಲಿ ಮೊದಲ ಕೆಲವು ವರ್ಷ ಕೈಗೆ ಏನೂ ಸಿಗದಿದ್ದರೆ ಕೂಲಿಕಾರರ ಮಗಳು, ಸಣ್ಣ ರೈತನ ಮಗ ಎಷ್ಟು ದಿನ ಕಾದಾರು? ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಕಿರಿಯರಿಗೆ ಪಟ್ಟಣಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಸಲಹೆ ಮಾಡಿದೆ. ಸಲಹೆ ಸಲಹೆಯಾಗಿಯೇ ಇದೆ. ಹಿರಿಯರಾದ ನಾವು ಇದನ್ನು ನಡೆಸಿಕೊಡದಿದ್ದರೆ ವಕೀಲಿ ಮತ್ತೆ ಉಳ್ಳವರ ಮನೆಯ ಆಸ್ತಿಯಾಗುತ್ತದೆ.

ಕೊನೆಗೆ ಈ ಸಂಚಿಕೆಯ ಓದುಗರಲ್ಲಿ ಒಂದು ಬೇಡಿಕೆ. ಮೇಲೆ ಬರೆದದ್ದರಲ್ಲಿ ದೊಡ್ಡ ಕೋರ್ಟುಗಳ, ದೊಡ್ಡವರ ಹೆಸರೇ ಹೆಚ್ಚು ಬಂದಿದ್ದರೆ ಅದಕ್ಕೆ ಕಾರಣ ತಾಲೂಕು, ಜಿಲ್ಲಾ ವಕೀಲರ ಸಂಘಗಳ ದಾಖಲೆಗಳು ಉಳಿಯದಿರುವುದು. ಹಳೆಯ ಸದಸ್ಯರ ರಿಜಿಸ್ಟರು, ಸಭೆಯ ನಡವಳಿ ಪುಸ್ತಕ, ಅಜ್ಜನ ಕಾಲದ ಸನ್ನದು, ಉರ್ದುವಿನಲ್ಲೋ ಮೋಡಿ ಲಿಪಿಯಲ್ಲೋ ಬರೆದ ವಕಾಲತ್ತು, ಗುಮಾಸ್ತರ ಡೈರಿ ನಿಮ್ಮ ಮನೆಯ ಅಟ್ಟದಲ್ಲಿ, ಸಂಘದ ಬೀರುವಿನಲ್ಲಿ ಇದ್ದರೆ ರದ್ದಿಗೆ ಹಾಕಬೇಡಿ. ಅವುಗಳ ಪ್ರತಿ ಮಾಡಿಸಿ ಸಂಘದ ಗ್ರಂಥಾಲಯದಲ್ಲಿಡಿ, ಮೂಲವನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ. ಪ್ರತಿ ಸಂಘವೂ ಈ ವರ್ಷವೇ ಒಬ್ಬ ಹಿರಿಯರಿಗೂ ಒಬ್ಬ ಕಿರಿಯರಿಗೂ ಈ ಕೆಲಸವನ್ನು ವಹಿಸಿಕೊಡಲಿ.